ಅಪಾಯದ ದೇಶಕ್ಕೆ ಬಂದ ಪತ್ರಮಿತ್ರೆ

ಹೊರದೇಶದವರಿಗೆ ನಮ್ಮ ದೇಶದ ಮೇಲೆ ಸಂಶಯ. ನಮಗೆ ನಮ್ಮ ದೇಶದ ಮೇಲೆ ಅದಕ್ಕಿಂತ ಹೆಚ್ಚು ಸಂಶಯ. ಈ ಎರಡು ಸಂಶಯಗಳೂ ಒಂದೇ ಮನೆಯಲ್ಲಿ ಇಳಿದುಕೊಂಡರೆ ದಿನಕ್ಕೊಂದು ಪ್ರಸಂಗ ತಾನಾಗಿ ನಡೆಯುತ್ತದೆ. ಅದಕ್ಕೆ ಯಾರೂ ಶ್ರಮಪಡಬೇಕಾಗಿಲ್ಲ.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಐರ್ಲೆಂಡಿನ ಸಿಸ್ಟರ್ ಒಬ್ಬರಿದ್ದರು. ನಮ್ಮ ಇಂಗ್ಲಿಷ್ ಸುಧಾರಿಸಲಿ ಎಂದು ಅವರು ನಮಗೆಲ್ಲ ತಮ್ಮ ಊರಿನ ಹುಡುಗಿಯರ ವಿಳಾಸ ಕೊಟ್ಟು ಪತ್ರ ಬರೆಸುತ್ತಿದ್ದರು. ನನಗೆ ಸಿಕ್ಕಿದ್ದು ಅವರ ಅಣ್ಣನ ಮಗಳ ವಿಳಾಸ. ಉಳಿದವರು ಎರಡು ಪತ್ರ ಬರೆದು ಬಿಟ್ಟರು. ನಾವಿಬ್ಬರು ನಲವತ್ತನಾಲ್ಕು ವರ್ಷ ಬರೆದೆವು. ಮದುವೆಯಾಗಿ ನಾನು ಚೆನ್ನೈಗೆ ಬಂದೆ, ಅವಳು ಅಲ್ಲಿ ನರ್ಸ್ ಆದಳು. ಸಿಸ್ಟರ್ ಮೈಸೂರಿನಲ್ಲೇ ತೀರಿಕೊಂಡು ಅಲ್ಲಿಯ ಮಣ್ಣಿನಲ್ಲೇ ಮಲಗಿದರು. ಅತ್ತೆಯ ಸಮಾಧಿಗೆ ಒಮ್ಮೆ ಹೂವಿಡಬೇಕು ಎಂಬುದು ನನ್ನ ಗೆಳತಿಯ ಬಹುದಿನದ ಆಸೆ. ಕೆಲಸದಿಂದ ನಿವೃತ್ತಳಾದ ಮೇಲೆ ಹೊರಟೇಬಿಟ್ಟಳು.

ಹೊರಡುವುದನ್ನು ತಡೆಯಲು ನೋಡಿದವಳು ಅವಳ ಮಗಳು. ಭಾರತದಲ್ಲಿ ಒಂಟಿ ಹೆಂಗಸರಿಗೆ ಏನೇನು ಆಗುತ್ತದೆ ಎಂಬುದನ್ನೆಲ್ಲ ಆ ಹುಡುಗಿ ಮೊಬೈಲಿನಲ್ಲಿ ಓದಿ, ಒಂದು ನೋಟ್‌ಬುಕ್ಕಿನ ತುಂಬ ಎಚ್ಚರಿಕೆಗಳನ್ನು ಬರೆದುಕೊಟ್ಟಿದ್ದಳು. ಷರತ್ತೂ ಇತ್ತು. ದಿನಾ ಸಂಜೆ ಏಳಕ್ಕೆ ಅವಳು ಫೋನ್ ಮಾಡುತ್ತಾಳೆ. ಒಂದೇ ಒಂದು ಅನಾಹುತ ಕಂಡರೂ ಅಮ್ಮ ಮರುದಿನದ ವಿಮಾನ ಹತ್ತಬೇಕು.

ಗೆಳತಿ ಇರುವುದು ಹನ್ನೆರಡು ದಿನ. ಮೈಸೂರಿನ ರೈಲಿನಲ್ಲಿ ನಮಗೆ ಸೀಟು ಸಿಕ್ಕಿದ್ದು ಒಂಬತ್ತನೆಯ ದಿನಕ್ಕೆ. ಅಂದರೆ ಎಂಟು ದಿನ ಚೆನ್ನೈಯಲ್ಲಿ ಏನೂ ಆಗದಂತೆ ನಾನು ನೋಡಿಕೊಳ್ಳಬೇಕಿತ್ತು. ಇಪ್ಪತ್ತೆರಡು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದವಳಿಗೆ ಇದೊಂದು ದೊಡ್ಡ ಕೆಲಸವೇ ಎಂದುಕೊಂಡೆ.

ವಿಮಾನ ನಿಲ್ದಾಣದಲ್ಲಿ ಮೌಖಿಕ ಪರೀಕ್ಷೆ

ಅವಳ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದೆ. ನನ್ನನ್ನು ಕಂಡಳು, ನಕ್ಕಳು, ಆರು ಅಡಿ ದೂರದಲ್ಲೇ ನಿಂತಳು. ಕೈಯಲ್ಲಿ ನೋಟ್‌ಬುಕ್.

"ತಪ್ಪು ತಿಳಿಯಬೇಡ. ಹೆಸರಿನ ಬೋರ್ಡು ಯಾರು ಬೇಕಾದರೂ ನೋಡಿ ಬರೆದುಕೊಳ್ಳಬಹುದು ಅಂತ ನನ್ನ ಮಗಳು ಹೇಳಿದ್ದಾಳೆ. ಒಂದು ಪ್ರಶ್ನೆ ಕೇಳಬೇಕು."

ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ನಾನೂ ಒಂದು ಪ್ರಶ್ನೆ ಸಿದ್ಧಮಾಡಿಕೊಂಡೇ ಬಂದಿದ್ದೆ. ಫೋಟೋದಲ್ಲಿರುವವರೆಲ್ಲ ಅವರೇ ಆಗಿರಬೇಕೆಂದೇನೂ ಇಲ್ಲ. ನನ್ನ ಹಾಸ್ಟೆಲ್ಲಿಗೆ "ಚಿಕ್ಕಪ್ಪ" ಎಂದು ಹೇಳಿಕೊಂಡು ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

"ಕೇಳು" ಎಂದೆ.

"ನಿನ್ನ ಮೊದಲ ಪತ್ರದಲ್ಲಿ ನೀನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಏನು?"

ಸುತ್ತ ಜನ. ಪಕ್ಕದಲ್ಲೇ ನಾನು ಗೊತ್ತುಮಾಡಿ ತಂದಿದ್ದ ಟ್ಯಾಕ್ಸಿಯ ಡ್ರೈವರ್. ತಗ್ಗಿದ ದನಿಯಲ್ಲಿ ಹೇಳಿದೆ: "ನಿಮ್ಮ ದೇಶದವರು ವಾರಕ್ಕೆ ಒಂದೇ ಸಲ ಸ್ನಾನ ಮಾಡುತ್ತಾರಂತೆ, ನಿಜವೇ?"

"ಸರಿ" ಎಂದಳು. "ಇನ್ನು ನಿನ್ನ ಪ್ರಶ್ನೆ."

"ಅದಕ್ಕೆ ನೀನು ಏನು ಉತ್ತರ ಬರೆದೆ?"

"ಬರೆಯಲಿಲ್ಲ. ಸಿಟ್ಟು ಬಂದು ಆರು ತಿಂಗಳು ಪತ್ರವನ್ನೇ ಬರೆಯಲಿಲ್ಲ."

ಇಬ್ಬರೂ ಕೈಕುಲುಕಿದೆವು. ಡ್ರೈವರ್ ಕೈಗಡಿಯಾರ ನೋಡುತ್ತ ತಮಿಳಿನಲ್ಲಿ ಕೇಳಿದ: "ಅಮ್ಮಾ, ಇಬ್ಬರೂ ಪಾಸಾ? ಪಾರ್ಕಿಂಗ್ ಟೈಮ್ ಮುಗೀತಾ ಇದೆ."

ಕಾರಿನಲ್ಲಿ ಕೂತ ಮೇಲೆ ಗೆಳತಿ ನಿಟ್ಟುಸಿರು ಬಿಟ್ಟು, "ಮನೆಗೆ ಹೋದ ತಕ್ಷಣ ಬಿಸಿನೀರು ಸಿಗುತ್ತದೆಯೇ? ಮೂರು ದಿನವಾಯಿತು" ಎಂದಳು.

ನಾನು ಕಿಟಕಿಯ ಹೊರಗೆ ನೋಡಿದೆ. ಕಾನ್ವೆಂಟಿನಲ್ಲಿ ಓದಿದವಳು.

ಕಮಿಷನರ್ ಅಣ್ಣ

ಮೂರನೆಯ ದಿನ ಪ್ಯಾರೀಸ್ ಕಾರ್ನರಿನ ಪೇಟೆಗೆ ಹೊರಟೆವು. ಅವಳಿಗೆ ಊರಿಗೆ ಒಯ್ಯಲು ಹಿತ್ತಾಳೆಯ ಗಂಟೆ ಬೇಕಿತ್ತು. ನಮ್ಮ ಮನೆ ವಡಪಳನಿಯಲ್ಲಿ. ಅಲ್ಲಿಂದ ಆಟೋದಲ್ಲಿ ದೂರದ ದಾರಿ.

ಆಟೋ ಹತ್ತುವುದಕ್ಕೆ ನನ್ನದೊಂದು ಪದ್ಧತಿಯಿದೆ. ಮೊದಲು ನಂಬರಿನ ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕುತ್ತೇನೆ. ಈ ಡ್ರೈವರ್ ಅದನ್ನು ಕಂಡು ಬಾಚಣಿಗೆ ತೆಗೆದು ತಲೆ ಬಾಚಿಕೊಂಡು ನಂಬರಿನ ಪಕ್ಕ ನಿಂತ. ಅದರಿಂದಲೇ ನನಗೆ ಸಂಶಯ ಹೆಚ್ಚಾಯಿತು. ಆದ್ದರಿಂದ ಎರಡನೆಯ ಉಪಾಯವನ್ನೂ ಬಳಸಿದೆ. ಮೊಬೈಲನ್ನು ಕಿವಿಗಿಟ್ಟು, ಆ ಕಡೆ ಯಾರೂ ಇಲ್ಲದಿದ್ದರೂ, ಡ್ರೈವರನಿಗೆ ಕೇಳುವಂತೆ ತಮಿಳಿನಲ್ಲಿ ಗಟ್ಟಿಯಾಗಿ ಮಾತಾಡಿದೆ.

"ಹಲೋ ಅಣ್ಣಾ? ಕಮಿಷನರ್ ಆಫೀಸಿನಲ್ಲೇ ಇದ್ದೀಯಾ? ಹೌದು, ಆಟೋದಲ್ಲಿದ್ದೇವೆ. ನಂಬರ್ ಕಳಿಸಿದ್ದೇನೆ. ಅರ್ಧ ಗಂಟೆಯಲ್ಲಿ ತಲುಪದಿದ್ದರೆ ಜೀಪ್ ಕಳಿಸು."

ಇದನ್ನು ನಾನು ಎಷ್ಟೋ ವರ್ಷದಿಂದ ಮಾಡುತ್ತಿದ್ದೇನೆ. ಎಲ್ಲ ಡ್ರೈವರುಗಳೂ ಇದಾದ ಮೇಲೆ ನೆಟ್ಟಗೆ ಓಡಿಸುತ್ತಾರೆ. ಈತ ಮಾತ್ರ ಸರಕ್ಕನೆ ಬದಿಗೆ ಎಳೆದು ನಿಲ್ಲಿಸಿದ. ಇಳಿದು ಬಂದ. ಗೆಳತಿ ನೋಟ್‌ಬುಕ್ಕನ್ನು ಎದೆಗವಚಿಕೊಂಡಳು. ನಾನು ಕೊಡೆಯನ್ನು ಸರಿಯಾಗಿ ಹಿಡಿದುಕೊಂಡೆ.

ಆತ ಕೈಮುಗಿದ. "ಅಮ್ಮಾ, ಆ ದೇವರೇ ನಿಮ್ಮನ್ನ ನನ್ನ ಗಾಡಿಗೆ ಹತ್ತಿಸಿದ್ದಾನೆ. ಸೋಮವಾರ ಟ್ರಾಫಿಕ್‌ನವರು ನನ್ನ ಲೈಸೆನ್ಸ್ ಕಿತ್ತಿಟ್ಟುಕೊಂಡಿದ್ದಾರೆ. ಅಣ್ಣನಿಗೆ ಒಂದು ಮಾತು ಹೇಳಿಬಿಡಿ."

"ಅಂದರೆ ನೀನು ಈಗ ಲೈಸೆನ್ಸ್ ಇಲ್ಲದೆ ಓಡಿಸುತ್ತಿದ್ದೀಯಾ?"

"ಕಮಿಷನರ್ ತಂಗಿ ಕೂತಿರೋವಾಗ ಯಾರಮ್ಮಾ ಹಿಡೀತಾರೆ?"

ಏನು ಮಾಡುವುದು? ನಡುರಸ್ತೆ. ಮತ್ತೆ ಮೊಬೈಲನ್ನು ಕಿವಿಗಿಟ್ಟು ಇಲ್ಲದ ಅಣ್ಣನಿಗೆ ಶಿಫಾರಸು ಹೇಳಿದೆ. ಡ್ರೈವರ್ ಪಕ್ಕದಲ್ಲಿ ನಿಂತು, "ಎರಡು ಹೆಣ್ಣುಮಕ್ಕಳು ಅಂತಾನೂ ಹೇಳಿ" ಎಂದ. ಅದನ್ನೂ ಹೇಳಿದೆ. "ಏನಂದರು?" ಎಂದ. "ನೋಡೋಣ ಅಂದರು" ಎಂದೆ.

ಗೆಳತಿ ಏನಾಯಿತೆಂದು ಕೇಳಿದಳು. ಡ್ರೈವರನ ಎದುರು ನಿಜ ಹೇಳುವಂತಿರಲಿಲ್ಲ. ಸಂಜೆ ನಾನು ಬಾಯಿ ತೆರೆಯುವ ಮೊದಲೇ ಅವಳು ಫೋನಿನಲ್ಲಿ ಮಗಳಿಗೆ ಹೇಳಿಬಿಟ್ಟಳು: "ಇವಳ ಅಣ್ಣ ಈ ಊರಿನ ಪೊಲೀಸ್ ಕಮಿಷನರ್!" ಆ ಹುಡುಗಿ ಮೂರು ದಿನದಲ್ಲಿ ಮೊದಲ ಬಾರಿಗೆ, "ಹಾಗಾದರೆ ಪರವಾಗಿಲ್ಲ" ಎಂದಳು. ಅಷ್ಟಾದ ಮೇಲೆ ನಾನು ಬಾಯಿ ತೆರೆಯಲಿಲ್ಲ. ಸಿಸ್ಟರ್ ಬದುಕಿದ್ದರೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಎರಡು ದಿನ ಬಿಟ್ಟು ಆ ಡ್ರೈವರ್ ಒಂದು ಚಿಪ್ಪು ಬಾಳೆಹಣ್ಣು, ನಿಂಬೆಹಣ್ಣು ಹಿಡಿದು ಮನೆಬಾಗಿಲಿಗೇ ಬಂದ. ಲೈಸೆನ್ಸ್ ವಾಪಸು ಸಿಕ್ಕಿತಂತೆ. "ನಿಮ್ಮ ಅಣ್ಣ ಮನುಷ್ಯರಲ್ಲಮ್ಮಾ, ದೇವರು!" ಎಂದು ಕಣ್ಣೊರೆಸಿಕೊಂಡ.

ನನಗಿರುವುದು ಒಬ್ಬಳು ತಂಗಿ ಮಾತ್ರ ಎಂಬುದು ನಮ್ಮ ಯಜಮಾನರಿಗೆ ಚೆನ್ನಾಗಿ ಗೊತ್ತು. ಅವರು ಪೇಪರ್ ಮಡಚಿಟ್ಟು ಗಂಭೀರವಾಗಿ ಕೇಳಿದರು: "ನನ್ನ ಲೈಸೆನ್ಸೂ ರಿನ್ಯೂ ಆಗಬೇಕು ಕಣೇ. ಭಾವನಿಗೆ ಒಂದು ಮಾತು ಹೇಳ್ತೀಯಾ?"

ಹೊಟ್ಟೆಯ ವಿಚಾರ

ನೋಟ್‌ಬುಕ್ಕಿನಲ್ಲಿ ಹೊಟ್ಟೆಗೇ ನಾಲ್ಕು ಪುಟವಿತ್ತು. ಈ ಒಂದು ವಿಷಯದಲ್ಲಿ ನನಗೂ ಆ ಹುಡುಗಿಗೂ ಪೂರ್ಣ ಒಮ್ಮತ. ಹೊರಗಿನ ಊಟವನ್ನು ನಾನು ಎಂದೂ ನಂಬಿದವಳಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಕುಂದಾಪುರದವರ ಸಸ್ಯಾಹಾರಿ ಹೋಟೆಲ್ ಇದೆ. ಯಜಮಾನರು ಅಲ್ಲಿ ಕಾಫಿ ಕುಡಿಯುತ್ತಾರೆ. ನಾನು ಹೋದರೆ ಮೊದಲು ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ನೋಡಿ, ಏನೂ ತಿನ್ನದೆ ಹಿಂದಿರುಗುತ್ತೇನೆ. ಗೆಳತಿಯನ್ನು ಕರೆದುಕೊಂಡು ಹೋದ ದಿನವೂ ಹಾಗೇ ಮಾಡಿದೆ. ಹೋಟೆಲಿನವರು ಸೊಂಟದ ಮೇಲೆ ಕೈಯಿಟ್ಟು ಕೇಳಿದರು:

"ಅಲ್ಲ ಅಮ್ಮ, ಇಪ್ಪತ್ತು ವರ್ಷ ಆಯ್ತಲ್ದಾ ನೀವು ನೋಡ್ತಾ ಇಪ್ಪುದು? ಒಂದ್ ದಿನ ಆದ್ರೂ ಎಂತ ಸಿಕ್ತು ನಿಮ್ಗೆ?"

"ಇನ್ನೂ ಸಿಕ್ಕಿಲ್ಲ" ಎಂದೆ.

ನಾನು ಒಳಗಿನಿಂದ ಬರುವಷ್ಟರಲ್ಲಿ ಗೆಳತಿ ಎರಡು ಇಡ್ಲಿ, ಒಂದು ವಡೆ ಮುಗಿಸಿ, ಮೂರನೆಯ ಬಾರಿ ಸಾಂಬಾರ್ ಹಾಕಿಸಿಕೊಳ್ಳುತ್ತಿದ್ದಳು. ರಾತ್ರಿ ಪೂರ್ತಿ ಅವಳ ಕೋಣೆಯ ಕಡೆ ಕಿವಿಕೊಟ್ಟುಕೊಂಡು ಮಲಗಿದೆ. ಅವಳು ಗೊರಕೆ ಹೊಡೆದು ನಿದ್ರಿಸಿದಳು.

ಬೆಳಗಾಗುವ ಹೊತ್ತಿಗೆ ಹೊಟ್ಟೆ ಕೆಟ್ಟಿದ್ದು ನನಗೆ.

ಗೆಳತಿ ಹಳೆಯ ನರ್ಸ್. ಸಂತೋಷವಾಗಿ ನನ್ನ ನಾಡಿ ಹಿಡಿದಳು, ಉಪ್ಪುಸಕ್ಕರೆ ನೀರು ಕುಡಿಸಿದಳು. ಸಂಜೆ ಮಗಳಿಗೆ ಪ್ರಾಮಾಣಿಕವಾಗಿ ವರದಿ ಒಪ್ಪಿಸಿದಳು: "ಮನೆಯಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟಿದೆ."

"ನಾನು ಹೇಳಲಿಲ್ಲವೇ! ಹೊರಗೆ ಏನು ತಿಂದರು?"

"ಅವಳು ಹೊರಗೆ ಏನೂ ತಿನ್ನುವುದಿಲ್ಲ. ಹೊರಗೆ ತಿಂದಿದ್ದು ನಾನು."

ಮಗಳು ಖಡಾಖಂಡಿತವಾಗಿ ಹೇಳಿದಳು: "ಅಮ್ಮಾ, ಇನ್ನು ಮೇಲೆ ಆ ಮನೆಯಲ್ಲಿ ಒಂದು ತುತ್ತೂ ಮುಟ್ಟಬೇಡ. ಹೋಟೆಲಿನಲ್ಲೇ ತಿನ್ನು."

ಮರುದಿನದಿಂದ ಮೂರು ಹೊತ್ತೂ ಕುಂದಾಪುರದವರ ಕ್ಯಾರಿಯರ್ ಬಂತು. ಅವರೇ ಖುದ್ದಾಗಿ ತಂದುಕೊಟ್ಟು, "ಒಂಚೂರು ನಿಮ್ಮ ಅಡಿಗೆಮನೆ ನೋಡಿ ಹೋಗ್ಲಾ ಅಮ್ಮ?" ಎಂದರು.

ಮೆಟ್ಟಿಲಿನ ಮೇಲೆ ರಕ್ತ

ಏಳನೆಯ ದಿನದ ಸಂಜೆ ನಾನು ಸಂಡಿಗೆ ಎತ್ತಿಡಲು ತಾರಸಿಗೆ ಹೋಗಿದ್ದೆ. ಇಳಿದು ಬರುವಾಗ ನೋಡುತ್ತೇನೆ, ನಮ್ಮ ಮಹಡಿಯ ಮೆಟ್ಟಿಲಿನ ಮೇಲೆ ಕೆಳಗಿನ ಮನೆಯವರು ಕೂತಿದ್ದಾರೆ. ಹಣೆಯಿಂದ ಗದ್ದದವರೆಗೆ ರಕ್ತ. ಅಂಗಿ ಹರಿದಿದೆ. ನನ್ನ ಗೆಳತಿ ಅವರ ಪಕ್ಕದಲ್ಲಿ ಮಂಡಿಯೂರಿ, ತಲೆಗೆ ಬಟ್ಟೆ ಸುತ್ತುತ್ತಿದ್ದಾಳೆ.

ಸಿನಿಮಾ ಸ್ಟುಡಿಯೋಗಳಿರುವ ವಡಪಳನಿಯಲ್ಲಿ ವಾಸವಿರುವವರಿಗೆ ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಕೆಳಗಿನ ಮನೆಯವರು ಸಿನಿಮಾದಲ್ಲಿ ಹೀರೋನ ಕೈಯಲ್ಲಿ ಏಟು ತಿನ್ನುವ ಕೆಲಸದವರು. ರೌಡಿಗಳ ಸಾಲಿನಲ್ಲಿ ಆರನೆಯವರಾಗಿ ಓಡಿಬಂದು, ಒಂದು ಏಟಿಗೆ ಮೇಜಿನ ಮೇಲೆ ಬೀಳುತ್ತಾರೆ. ಆ ದಿನ ಮಧ್ಯೆ ಒಂದೆರಡು ಗಂಟೆ ಬಿಡುವು ಸಿಕ್ಕಿ ಮನೆಗೆ ಬಂದಿದ್ದರು. ಮತ್ತೆ ಹೋಗಿ ಅದೇ ದೃಶ್ಯ ಮುಂದುವರಿಸಬೇಕಾದ್ದರಿಂದ ಮುಖ ತೊಳೆಯಬಾರದೆಂದು ಹೇಳಿ ಕಳಿಸಿದ್ದರಂತೆ. ಹೆಂಡತಿ ಬೀಗ ಹಾಕಿಕೊಂಡು ದೇವಸ್ಥಾನಕ್ಕೆ ಹೋಗಿದ್ದರಿಂದ, ಬೀಗದ ಕೈ ನಮ್ಮಲ್ಲಿದೆಯೇ ಎಂದು ಕೇಳಲು ಹತ್ತಿ ಬಂದಿದ್ದರು.

"ನೀವಾದರೂ ಹೇಳಬಾರದಾ?" ಎಂದು ಗದರಿದೆ.

ಅವರು ತಲೆ ಅಲ್ಲಾಡಿಸದೆ ಪಿಸುಗುಟ್ಟಿದರು: "ಮೂವತ್ತು ವರ್ಷದಿಂದ ಏಟು ತಿಂತಿದ್ದೀನಮ್ಮಾ. ನೋಯ್ತಾ ಅಂತ ಕೇಳಿದವರು ಇವರೊಬ್ಬರೇ. ಇನ್ನೊಂದು ಸುತ್ತು ಸುತ್ತಲಿ ಬಿಡಿ."

ಅಷ್ಟರಲ್ಲಿ ಏಳು ಗಂಟೆ. ಪಕ್ಕದ ಮೆಟ್ಟಿಲಿನ ಮೇಲಿಟ್ಟಿದ್ದ ಗೆಳತಿಯ ಮೊಬೈಲ್ ಹೊಡೆದುಕೊಂಡಿತು. ಅವಳ ಕೈಯಲ್ಲಿ ಬಟ್ಟೆ, ಆದ್ದರಿಂದ ಕೆಳಗಿನ ಮನೆಯವರೇ ಉಪಕಾರಕ್ಕೆಂದು ಎತ್ತಿಕೊಂಡು ಗುಂಡಿ ಒತ್ತಿದರು. ಅದು ವೀಡಿಯೋ ಕರೆ. ಐರ್ಲೆಂಡಿನಲ್ಲಿ ಮಗಳಿಗೆ ಕಂಡದ್ದು ಅಮ್ಮನಲ್ಲ, ರಕ್ತದಲ್ಲಿ ಮಿಂದ ದೊಡ್ಡ ಮೀಸೆಯ ಮುಖ. ಅದೂ ನಗುತ್ತಿದ್ದ ಮುಖ.

ಆ ಕಡೆಯಿಂದ ಬಂದ ಕಿರುಚಾಟ ಮೂರನೆಯ ಮಹಡಿಗೂ ಕೇಳಿಸಿತು.

ನಾನು ಫೋನ್ ಕಸಿದುಕೊಂಡು, ಇದು ಸಿನಿಮಾ, ಇದು ಬಣ್ಣ ಎಂದು ಶುದ್ಧವಾದ ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ನಂಬಲಿಲ್ಲ. "ಹೆದರಬೇಡಿ ಪಾಪಾ" ಎಂದು ಕೆಳಗಿನ ಮನೆಯವರು ಮತ್ತೆ ಫೋನಿನೆದುರು ಮುಖ ತಂದರು. ಮಗುವಿಗೆ ಧೈರ್ಯ ಹೇಳಬೇಕೆಂಬ ಒಳ್ಳೆಯ ಮನಸ್ಸಿನಿಂದ, ಕೆನ್ನೆಯ ಮೇಲಿನ ರಕ್ತವನ್ನು ಬೆರಳಿನಿಂದ ಬಳಿದು, ಬಾಯಿಗಿಟ್ಟು ಚಪ್ಪರಿಸಿ, "ಸ್ವೀಟ್! ವೆರಿ ಸ್ವೀಟ್!" ಎಂದರು.

ಅದು ಸಕ್ಕರೆ ಪಾಕವಂತೆ. ಅದನ್ನು ವಿವರಿಸುವ ಮೊದಲೇ ಫೋನ್ ಕಡಿದುಹೋಯಿತು.

ಅರ್ಧ ಗಂಟೆಯಲ್ಲಿ ತೀರ್ಪು ಬಂತು. ಗೆಳತಿ ಬೇಡಿಕೊಂಡದ್ದಕ್ಕೆ ಮರುದಿನದ ವಿಮಾನವೊಂದು ತಪ್ಪಿತ್ತು. ಅಮ್ಮ ಹನ್ನೆರಡು ದಿನ ಇರುವಂತಿಲ್ಲ, ಹತ್ತನೆಯ ದಿನ ಬೆಂಗಳೂರಿನಿಂದಲೇ ವಿಮಾನ. ಅದಕ್ಕೆ ಮೊದಲು ಇನ್ನೊಂದು ಏನಾದರೂ ಆದರೆ ಮೈಸೂರೂ ಇಲ್ಲ. ಗೆಳತಿ ಸಮಾಧಿಯ ಮೇಲಿಡಲೆಂದು ತನ್ನ ಊರಿನಿಂದ ತಂದಿದ್ದ ಒಣಗಿದ ಹೂವಿನ ಪುಟ್ಟ ಪೊಟ್ಟಣವನ್ನು ತೆಗೆದು ನೋಡಿ, ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ನನಗೆ ಬಹಳ ಕೆಡುಕೆನಿಸಿತು.

ಬೆಳಿಗ್ಗೆ ಕೆಳಗಿನ ಮನೆಯವರು ಮತ್ತೆ ಹತ್ತಿ ಬಂದರು. ತಲೆಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿ ಕೈಯಲ್ಲಿತ್ತು. "ಡೈರೆಕ್ಟರಿಗೆ ಇದು ಬಹಳ ಹಿಡಿಸಿತಮ್ಮಾ. ಇವತ್ತೂ ಹೀಗೇ ಕಟ್ಟಿಸಿಕೊಂಡು ಬಾ ಅಂದಿದ್ದಾರೆ. ನರ್ಸಮ್ಮ ಎದ್ದಿದ್ದಾರಾ?"

ಮೈಸೂರಿನ ರೈಲು

ಒಂಬತ್ತನೆಯ ದಿನ ಬೆಳಕು ಹರಿಯುವ ಮೊದಲೇ ಸೆಂಟ್ರಲ್ ಸ್ಟೇಷನ್ನಿನಲ್ಲಿದ್ದೆವು. ಇನ್ನು ಕೆಲವೇ ಗಂಟೆಗಳು. ನಾನು ಯಾವುದನ್ನೂ ಅದೃಷ್ಟಕ್ಕೆ ಬಿಡಲಿಲ್ಲ. ರೈಲಿನಲ್ಲಿ ಬಿಸ್ಕತ್ತಿನಲ್ಲಿ ಮತ್ತಿನ ಔಷಧಿ ಬೆರೆಸಿ ಕೊಟ್ಟು, ಇಲ್ಲವೇ ಕರ್ಚೀಫಿಗೆ ಹಚ್ಚಿ ಮೂಗಿಗೆ ಹಿಡಿದು ದೋಚುವವರ ಕಥೆ ಕೇಳದವರು ಯಾರು? ಆದ್ದರಿಂದ ಅವಳ ಪಾಸ್‌ಪೋರ್ಟನ್ನೂ ಪರ್ಸನ್ನೂ ಮೊಬೈಲನ್ನೂ ನನ್ನ ಚೀಲದಲ್ಲಿ ಹಾಕಿಕೊಂಡು, ಚೀಲವನ್ನು ಮಡಿಲಲ್ಲಿಟ್ಟುಕೊಂಡೆ. ಅಕ್ಕಪಕ್ಕದವರು ಯಾರು ಮಾತಾಡಿಸಿದರೂ ಉತ್ತರ ಕೊಡಲಿಲ್ಲ.

ದಾರಿಯಲ್ಲಿ ಗೆಳತಿಗೆ ತಲೆಸುತ್ತು ಬಂತು. ನಾನು ಪ್ರಯಾಣದಲ್ಲಿ ನುಂಗುವ ಮಾತ್ರೆಯೊಂದನ್ನು ಕೊಟ್ಟೆ. ಬೆಳಗಿನ ಜಾವ ಮೂರಕ್ಕೆ ಎದ್ದವಳು, ಮೇಲೆ ಮಾತ್ರೆ. ಬೆಂಗಳೂರು ಬರುವಷ್ಟರಲ್ಲಿ ಬಾಯಿ ತೆರೆದು ಗಾಢವಾಗಿ ನಿದ್ರಿಸುತ್ತಿದ್ದಳು. ಕುತ್ತಿಗೆಯ ಚಿನ್ನದ ಸರ ಹೊರಗೆ ಬಿದ್ದಿತ್ತು. ಬೆಂಗಳೂರಿನಲ್ಲಿ ಗುಂಪು ಹತ್ತುತ್ತದೆ, ಯಾರ ಕಣ್ಣು ಹೇಗಿರುತ್ತದೋ ಎಂದು ಸರವನ್ನು ಮೆಲ್ಲಗೆ ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ಕೈಗಡಿಯಾರವನ್ನೂ ಬಿಚ್ಚಿಕೊಂಡೆ.

ತಲೆಯೆತ್ತಿದರೆ, ಬೆಂಗಳೂರಿನಲ್ಲಿ ಹತ್ತಿ ಪಕ್ಕದ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ನನ್ನನ್ನೇ ನೋಡುತ್ತಿದ್ದರು. ಮಂಡ್ಯದ ಕಡೆಯವರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋದರು. ಹಿಂದಿರುಗಿದಾಗ ಜೊತೆಯಲ್ಲಿ ರೈಲ್ವೆ ಪೊಲೀಸಿನ ಮಹಿಳೆಯೊಬ್ಬರು.

"ಇವ್ರೇ ಕಣವ್ವ. ಆಗಿಂದ ನೋಡ್ತಾವ್ನಿ, ಆ ಬಿಳಿಯಮ್ಮ ಅಲ್ಲಾಡ್ತಾನೇ ಇಲ್ಲ. ಇವ್ರು ಒಂದೊಂದೇ ಬಿಚ್ಕೊಂಡು ಚೀಲಕ್ಕೆ ತುಂಬ್ಕೊಳ್ತಾವ್ರೆ!"

ನನಗೆ ರಕ್ತ ತಲೆಗೇರಿತು. ಆದರೆ ಸರ್ಕಾರಿ ಸಮವಸ್ತ್ರದಲ್ಲಿರುವವರು ಕೇಳಿದರೆ ಸತ್ಯವಾಗಿ, ಚುಟುಕಾಗಿ ಉತ್ತರಿಸಬೇಕೆಂದು ಕಲಿತವಳು ನಾನು. ಬೆನ್ನು ನೆಟ್ಟಗೆ ಮಾಡಿ ಕೂತೆ.

"ಇವರು ನಿಮಗೆ ಏನಾಗಬೇಕು?" ಎಂದರು ಪೊಲೀಸಮ್ಮ.

"ಸ್ನೇಹಿತೆ."

"ಎಷ್ಟು ದಿನದ ಪರಿಚಯ?"

"ನಲವತ್ತನಾಲ್ಕು ವರ್ಷ. ಮುಖ ನೋಡಿ ಒಂಬತ್ತು ದಿನವಾಯಿತು."

ಮಂಡ್ಯದವರೂ ಪೊಲೀಸಮ್ಮನೂ ಮುಖ ಮುಖ ನೋಡಿಕೊಂಡರು.

"ಯಾಕೆ ಎಚ್ಚರ ಆಗ್ತಿಲ್ಲ?"

"ಮಾತ್ರೆ ಕೊಟ್ಟಿದ್ದೇನೆ."

"ಯಾವ ಮಾತ್ರೆ?"

ಡಬ್ಬಿ ತೆರೆದು ತೋರಿಸಿದೆ. ಜಾಗ ಉಳಿಯಲೆಂದು ಪಟ್ಟಿಯಿಂದ ಒಂದೊಂದಾಗಿ ಕತ್ತರಿಸಿಟ್ಟಿದ್ದೆ. ಯಾವುದರ ಮೇಲೂ ಹೆಸರಿರಲಿಲ್ಲ.

"ಚೀಲದಲ್ಲಿ ಏನಿದೆ?"

"ಅವಳ ಪಾಸ್‌ಪೋರ್ಟು, ಪರ್ಸು, ಮೊಬೈಲು, ಸರ, ಗಡಿಯಾರ."

"ಅಯ್ಯಯ್ಯಪ್ಪ, ಬಾಯ್ಬಿಟ್ಟು ಹೇಳ್ತಾವ್ರಲ್ಲ!" ಎಂದರು ಮಂಡ್ಯದವರು. ಆಗಲೇ ಹಿಂದಿನ ಸಾಲಿನವರು ಎದ್ದು ನಿಂತಿದ್ದರು.

"ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಿ ಇವರನ್ನ?"

"ಸಮಾಧಿಗೆ" ಎಂದೆ.

ಇಡೀ ಬೋಗಿ ಎದ್ದು ನಿಂತಿತು.

ಸರಿಯಾಗಿ ಆ ಹೊತ್ತಿಗೆ ಗೆಳತಿಯ ಮೊಬೈಲ್ ನನ್ನ ಚೀಲದೊಳಗಿಂದ ಕೂಗಿತು. ಐರ್ಲೆಂಡಿನಲ್ಲಿ ಬೆಳಗಾಗಿತ್ತು. ಬೆಂಗಳೂರು ತಲುಪಿದ ತಕ್ಷಣ ಸಂದೇಶ ಕಳಿಸುತ್ತೇನೆಂದಿದ್ದ ಅಮ್ಮ ಕಳಿಸಿರಲಿಲ್ಲ. ನಾನು ಕೈಹಾಕುವ ಮೊದಲೇ ಪೊಲೀಸಮ್ಮ ಅದನ್ನು ಎತ್ತಿ ಸ್ಪೀಕರಿಗೆ ಹಾಕಿದರು.

"ಹಲೋ, ಪೊಲೀಸ್" ಎಂದರು ಇಂಗ್ಲಿಷಿನಲ್ಲಿ. "ನಿಮ್ಮ ತಾಯಿ ಎಚ್ಚರ ಇಲ್ಲ. ಒಬ್ಬ ಹೆಂಗಸು ಮಾತ್ರೆ ಕೊಟ್ಟಿದ್ದಾರೆ. ಚಿನ್ನ, ಪಾಸ್‌ಪೋರ್ಟ್ ಎಲ್ಲ ಅವರ ಚೀಲದಲ್ಲಿದೆ. ಸಮಾಧಿಗೆ ಕರೆದುಕೊಂಡು ಹೋಗುತ್ತಿದ್ದಾರೆ."

ಅವರ ಇಂಗ್ಲಿಷಿನಲ್ಲಿ ಎರಡು ತಪ್ಪುಗಳಿದ್ದವು. ಅಭ್ಯಾಸಬಲದಿಂದ ಎರಡನ್ನೂ ತಿದ್ದಿದೆ. ತಿದ್ದಿದ ಮೇಲೆ ಅನ್ನಿಸಿತು, ಮೈಸೂರು ಮುಗಿಯಿತು. ಇನ್ನು ಒಂದೂವರೆ ಗಂಟೆಯ ದಾರಿ ಇತ್ತು. ಎಂಟು ದಿನ ಕಾಪಾಡಿದ್ದೆಲ್ಲ ನನ್ನ ಕೈಯಿಂದಲೇ ಹಾಳಾಯಿತು.

ಆ ಕಡೆಯಿಂದ ಮಗಳ ದನಿ: "ಆ ಹೆಂಗಸು ಬೆನ್ನಿಗೆ ಕೋಲು ಕಟ್ಟಿಕೊಂಡವರಂತೆ ಕೂತಿದ್ದಾರೆಯೇ?"

ಪೊಲೀಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೌದು."

"ಈಗ ನಿಮ್ಮ ಇಂಗ್ಲಿಷ್ ತಿದ್ದಿದ್ದು ಅವರೇ ಏನು?"

"ಹೌದು. ಎರಡು ಸಲ."

"ಹಾಗಾದರೆ ಅವರೇ. ಅಮ್ಮನ ಸ್ನೇಹಿತೆ."

ಈ ಗದ್ದಲಕ್ಕೆ ಗೆಳತಿ ಕಣ್ಣು ಬಿಟ್ಟಳು. ತನ್ನ ಸುತ್ತ ನಿಂತಿದ್ದ ಐವತ್ತು ಮುಖಗಳನ್ನು ನೋಡಿ, "ಊರು ಬಂತೇ?" ಎಂದಳು. ಮಂಡ್ಯದವರು, "ಬದುಕವ್ರೆ ಕಣ್ರಪ್ಪೋ!" ಎಂದು ಕೂಗಿ ಹೇಳಿದರು. ಯಾರೋ ನೀರು ಕೊಟ್ಟರು, ಯಾರೋ ಪೇಪರಿನಿಂದ ಗಾಳಿ ಹಾಕಿದರು, ಇನ್ನೊಬ್ಬರು ಅವಳ ನೆತ್ತಿಗೆ ಎಣ್ಣೆ ತಟ್ಟಬೇಕೆಂದು ಸಲಹೆ ಕೊಟ್ಟರು.

"ಅಲ್ಲಿ ಯಾರದು ಅಷ್ಟೊಂದು ದನಿ?" ಎಂದು ಮಗಳು ಕೇಳಿದಳು.

"ಎಲ್ಲರೂ, ಮೇಡಂ. ಇಡೀ ಬೋಗಿ ನಿಮ್ಮ ತಾಯಿಗೋಸ್ಕರ ಎದ್ದು ನಿಂತಿದೆ" ಎಂದರು ಪೊಲೀಸಮ್ಮ. ಈ ಸಲ ತಪ್ಪೇನೂ ಇರಲಿಲ್ಲ.

ಮಗಳ ದನಿ ಮೆತ್ತಗಾಯಿತು. "ಅಮ್ಮಾ, ನಾನು ಇಲ್ಲಿ ಬಸ್ಸಿನಲ್ಲಿ ನಿದ್ದೆಹೋದರೆ ಡಿಪೋ ತಲುಪುವವರೆಗೂ ಯಾರೂ ಎಬ್ಬಿಸುವುದಿಲ್ಲ. ನಾಳೆಯ ಟಿಕೆಟ್ ಬದಲಾಯಿಸುತ್ತೇನೆ. ನೀನು ಹನ್ನೆರಡು ದಿನವೂ ಇದ್ದು ಬಾ." ಆಮೇಲೆ ಪೊಲೀಸಮ್ಮನಿಗೆ ಹೇಳಿದಳು: "ಆ ದೇಶದ ಬಗ್ಗೆ ನನಗೆ ಇನ್ನು ಭಯವಿಲ್ಲ. ಆ ಹೆಂಗಸಿನ ಮೇಲೆ ಮಾತ್ರ ಸ್ವಲ್ಪ ಕಣ್ಣಿಟ್ಟಿರಿ."

"ಯೆಸ್ ಮೇಡಂ" ಎಂದ ಪೊಲೀಸಮ್ಮ, ಮೈಸೂರು ಬರುವವರೆಗೆ ನನ್ನ ಚೀಲದಿಂದ ಕಣ್ಣು ತೆಗೆಯಲಿಲ್ಲ.

ಮಧ್ಯಾಹ್ನ ಸಿಸ್ಟರ್ ಸಮಾಧಿಯ ಮುಂದೆ ನಿಂತೆವು. ಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ನಾನು ಗುಡಿಸಿದೆ. ಗೆಳತಿ ತನ್ನ ಊರಿನ ಒಣಹೂವನ್ನೂ ಮೈಸೂರಿನ ಮಲ್ಲಿಗೆಯನ್ನೂ ಜೋಡಿಸಿಟ್ಟಳು. ಇಟ್ಟವಳು ಅತ್ತೇಬಿಟ್ಟಳು. ಇಸ್ತ್ರಿ ಮಾಡಿ ಮಡಚಿಟ್ಟಿದ್ದ ನನ್ನ ಕರ್ಚೀಫನ್ನು ತೆಗೆದು ಅವಳ ಕೈಗಿತ್ತೆ.

ಅವಳು ಅದನ್ನು ಮೂಗಿನವರೆಗೆ ತಂದಳು, ಅಲ್ಲೇ ನಿಲ್ಲಿಸಿದಳು, ಒದ್ದೆಗಣ್ಣಿನಲ್ಲೇ ನನ್ನ ಕಡೆ ನೋಡಿದಳು.

"ಇದಕ್ಕೇನೂ ಹಚ್ಚಿಲ್ಲ ತಾನೇ?"